ಮಾವನ ಡೇರೆಗೊಂದು ಜಾಗ

ತುಮಕೂರಿನ ಸುತ್ತಮುತ್ತ ಹನ್ನೊಂದು ವರ್ಷ ಹುಡುಕಿದರೂ ಒಂದು ಡೇರೆ ಹಾಕುವಷ್ಟು ನೆಲ ಸಿಗದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಸೈಕಲ್ಲಿನ ಹಿಂದೆ ಕೂತು ಮೈಮೂಳೆ ನೋಯಿಸಿಕೊಂಡೂ ಇದ್ದೇನೆ. ಅವರು ನನ್ನ ಸೋದರಮಾವ!

ಡೇರೆ ಕೊಡಿಸಿದವನು ನಾನೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಮಾಲು, ಬೆಂಗಳೂರಿನ ಒಬ್ಬ ಗುಜರಿಯವನ ಹತ್ತಿರ ಬಿದ್ದಿತ್ತು. ಗುಜರಿ ಅಂಗಡಿಯಲ್ಲಿ ಬೇಕಾದ ವಸ್ತುವಿನ ಕಡೆ ನೋಡಲೇಬಾರದು, ಪಕ್ಕದ್ದನ್ನು ಕೇಳಬೇಕು, ನೆನಪಿಟ್ಟುಕೊಳ್ಳಿ. ನಾನು ಹಳೆಯ ಲಾಟೀನಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಡೇರೆಯನ್ನು ಕೊಸರಿನ ಹಾಗೆ ಹೊಡೆದುಕೊಂಡು ಬಂದೆ. ಮಾವನಿಗೆ ಅದು ಬೇಕಾಗಿದ್ದು ಅತ್ತೆಯ ಆಸೆಗಾಗಿ. ಬಾವಿಕಟ್ಟೆಯ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೊಸಿಲು ದಾಟದ ಅತ್ತೆಗೆ, ಒಂದೇ ಒಂದು ದಿನ ಗೋಡೆಯಿಲ್ಲದ ಕಡೆ ಒಲೆ ಹೂಡಿ ಅಡುಗೆ ಮಾಡಬೇಕಿತ್ತು.

ಸರಿ, ಭಾನುವಾರ ಬಂತೆಂದರೆ ಜಾಗದ ಪರೀಕ್ಷೆ! ಮಾವ ಮೊದಲು ತಟ್ಟೆಯ ಅಂಚಿನವರೆಗೆ ನೀರು ತುಂಬಿ ನೆಲದ ಮಟ್ಟ ನೋಡುವರು. ಅಲ್ಲಿಯ ನೀರಿನಲ್ಲೇ ಕಾಫಿ ಕಾಸುವರು. ಕೊನೆಗೆ ಟವೆಲ್ ಹಾಸಿ, ಕಣ್ಣು ಮುಚ್ಚಿ, ಎಡಕ್ಕೆ ಸರಿದು ಮಲಗುವರು, ಬಲಗಡೆ ಅತ್ತೆಗೆ! ಗುಬ್ಬಿ ಕೆರೆಯಂಗಳದಲ್ಲಿ ಕಾಫಿಗೆ ಹಾಕಿದ ಹಾಲು ಒಡೆಯಿತು. ದೇವರಾಯನದುರ್ಗದಲ್ಲಿ ಪರೀಕ್ಷೆ ಮುಗಿಯುವ ಮೊದಲೇ ಕೋತಿ ಟವೆಲ್ ಒಯ್ದಿತು. ಕುಣಿಗಲ್ ಕೆರೆ ಏರಿ ಪಾಸಾಯಿತೆಂದೇ ನಾನು ಭಾವಿಸಿದ್ದೆ.

"ನೀರು ಜಾಸ್ತಿ ಆಯ್ತು ಕಣೋ. ನಿಮ್ಮತ್ತೆ ಅದನ್ನೇ ನೋಡ್ತಾ ಕೂತ್ರೆ ಸಾರು ಸೀದೋಗ್ತದೆ" ಅಂದರು ಮಾವ.

ಕೊನೆಗೆ ಹುತ್ರಿದುರ್ಗದ ಬುಡದಲ್ಲಿ ನಾನೇ ಒಂದು ಜಾಗ ಹಿಡಿದೆ. ಹುಣಸೆಮರದ ನೆರಳು, ಸಿಹಿನೀರಿನ ಬಾವಿ, ಅತ್ತೆಯನ್ನು ಕೂರಿಸಿಕೊಂಡು ಎತ್ತಿನಗಾಡಿ ಮರದ ಬುಡದವರೆಗೂ ಬರಬಹುದಿತ್ತು. ಹೊಲದ ಯಜಮಾನ ಏನೂ ಕೊಡಬೇಡಿ ಅಂದುಬಿಟ್ಟ. ಚೌಕಾಸಿಗೆ ಆಸ್ಪದವೇ ಇಲ್ಲವೆಂದು ನನಗೆ ನಿರಾಸೆ! ತಟ್ಟೆಯ ನೀರು ಒಂದು ಹನಿ ಚೆಲ್ಲಲಿಲ್ಲ. ಮಾವ ಟವೆಲಿನ ಮೇಲೆ ಬಹಳ ಹೊತ್ತು ಮಲಗಿದ್ದರು. ಎದ್ದವರು ಮುಖ ಒರೆಸಿಕೊಂಡು, "ಇದಲ್ಲ, ಬುಡು" ಅಂದರು.

ನನಗೆ ರೇಗಿತು. ನೇರ ಅತ್ತೆಯ ಹತ್ತಿರ ಹೋಗಿ ದೂರು ಕೊಟ್ಟೆ. ನಡುಮನೆಯಲ್ಲಿ ಮಡಿಸಿಟ್ಟ ಡೇರೆಯೇ ಅವರು ಕೂರುವ ಮೆತ್ತೆ.

"ಗಾಡಿ ಕುಲುಕಾಟ ನನ್ನ ಸೊಂಟ ತಡೆಯಲ್ಲ ಅಂತ ಡಾಕ್ಟರು ಎರಡು ವರ್ಷದ ಹಿಂದೇನೇ ಹೇಳವ್ರೆ ಕಣೋ" ಅಂದರು ಅತ್ತೆ. "ಜಾಗ ಸಿಕ್ತು ಅಂದ್ರೆ ನಾನು ಬರಕ್ಕಾಗಲ್ಲ ಅನ್ನಬೇಕಾಗ್ತದೆ. ಆ ಮಾತು ನನ್ನ ಬಾಯಲ್ಲಿ ಬರಬಾರದು ಅಂತ ನಿಮ್ಮಾವ ಸುತ್ತುತಾರೆ. ಸುತ್ತಲಿ ಬುಡು. ಸಂಜೆ ಬಂದು ಎಲ್ಲಾ ಹೇಳ್ತಾರಲ್ಲ, ನಾನು ಕೂತಲ್ಲೇ ಕಂಡಷ್ಟು ಊರು ಕಾಲಿದ್ದೋರೂ ನೋಡಿಲ್ಲ."



ಮುಂದಿನ ಭಾನುವಾರ ಹೋಗಿ, ಗುಬ್ಬಿಯಾಚೆ ಒಳ್ಳೆಯ ತೋಪೊಂದಿದೆಯಂತೆ ಎಂದೆ. ನೆಲ ಮಾತ್ರ ಸ್ವಲ್ಪ ಇಳಿಜಾರಂತೆ ಎಂದೂ ಸೇರಿಸಿದೆ. ಮಾವನ ಮುಖ ಅರಳಿತು. ತಟ್ಟೆ ತರಲು ಒಳಗೆ ಓಡಿದರು.

ಡೇರೆಯ ಮೇಲೆ ಕೂತಿದ್ದ ಅತ್ತೆ ಕಾಫಿಪುಡಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, "ಗಾಳಿ ಯಾವ ಕಡೆಯಿಂದ ಬರ್ತದೆ, ಸರಿಯಾಗಿ ನೋಡ್ಕೊಂಡ್ ಬಾ. ಒಲೆ ಹೂಡಬೇಕಲ್ಲ" ಅಂದರು.