ಮೂರು ಸೀಟಿನ ಡಬ್ಬಿ

ಗಂಡ ಸತ್ತ ಮೇಲೆ ಹೆಂಗಸಿಗೆ ಬುದ್ಧಿ ಹೇಳುವವರು ಹೆಚ್ಚಾಗುತ್ತಾರೆ. ನನಗೆ ಮೈದುನ ಒಬ್ಬನೇ ಸಾಕು, ಹತ್ತು ಜನರ ಪಾಲನ್ನು ಅವನೇ ಹೇಳುತ್ತಾನೆ.

"ಅಂಗಡಿ ಮುಚ್ಚಿಬಿಡಿ ಅತ್ತಿಗೆ. ನಮ್ಮನೆಗೆ ಬಂದು ಆರಾಮಾಗಿರಿ. ಇದೆಲ್ಲ ನಿಮ್ಮೊಬ್ಬರ ಕೈಲಿ ಆಗೋದಲ್ಲ."

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸುವ ಮೇಜು, ಒಂದು ಬೀರು. ನಾನು ಪರದೆ ಹೊಲಿಯುತ್ತೇನೆ. ನಾನು ಹೊಲಿದ ಪರದೆ, ಗೋಡೆ ಬಿದ್ದರೂ ಬೀಳುವುದಿಲ್ಲ (ಇದು ನಮ್ಮ ಯಜಮಾನರ ಮಾತು. ನಾನು ಒಪ್ಪಿಕೊಂಡೆ, ಅಷ್ಟೆ).

ಆ ದಿನ ಮಧ್ಯಾಹ್ನ ಹೊಸ ಆಸ್ಪತ್ರೆಯೊಂದರ ಮೇಡಂ ಕಂಪ್ಯೂಟರಿನಲ್ಲಿ ನನ್ನ ಜೊತೆ ಮಾತಾಡುವವರಿದ್ದರು. ಎಲ್ಲಾ ವಾರ್ಡಿಗೂ ಪರದೆ ಬೇಕಂತೆ. ನನ್ನ ಪರದೆಗಳ ಫೋಟೊ ಎಲ್ಲ ಕಂಪ್ಯೂಟರಿನೊಳಗೇ ಇದ್ದವು. ಯಜಮಾನರು ಜೋಡಿಸಿಟ್ಟದ್ದು. ಅವರು ಹೋದ ಮೇಲೆ ಅದನ್ನು ನಾನು ಮುಟ್ಟಿರಲಿಲ್ಲ.

"ಈ ಆರ್ಡರ್ ಸಿಕ್ಕಿದ್ರೆ ಅಂಗಡಿ ಸುದ್ದಿ ಇನ್ನೊಂದ್ಸಲ ಎತ್ತಬಾರದು" ಎಂದಿದ್ದೆ ಹಿಂದಿನ ದಿನ ಮೈದುನನಿಗೆ.

"ಸಿಗದಿದ್ರೆ?"

"ಮುಚ್ತೀನಿ."

ಬಾಯಿ ನನ್ನದು, ಆಡಿಬಿಟ್ಟಿತು. ಅವನು ಬೆಳಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತ, ತಮಾಷೆ ನೋಡಲು.

ಕಂಪ್ಯೂಟರ್ ಹಾಕಿದೆ. ಹತ್ತಿತು. ನೆಟ್ ಬರಲಿಲ್ಲ. ಅದರಲ್ಲಿ ಬಂದದ್ದನ್ನು ಮಗಳು ಓದಿ ಹೇಳಿದಳು. "ಇದಕ್ಕೆ ವಿಳಾಸ ಸಿಕ್ಕಿಲ್ವಂತಮ್ಮ. ವೈಫೈ ಡಬ್ಬಿ ಒಂದೊಂದಕ್ಕೂ ಒಂದೊಂದು ವಿಳಾಸ ಕೊಡುತ್ತೆ. ಅದಿಲ್ದೆ ನೆಟ್ ಬರಲ್ಲ."

"ಕೈ ಚಾಚಿದ್ರೆ ಸಿಗೋ ಹಾಗೆ ಮೇಜಿನ ಮೇಲೆ ಕೂತಿದೆ. ಇದಕ್ಕೆ ವಿಳಾಸ ಬೇರೆ ಕೇಡು."

ಮಿಷನ್ ಕೆಟ್ಟರೆ ನಾನು ಮೊದಲು ಧೂಳು ಒರೆಸುತ್ತೇನೆ. ಡಬ್ಬಿ ಒರೆಸಿದೆ. ಕಂಪ್ಯೂಟರನ್ನು ಹೊತ್ತು ತಂದು ಡಬ್ಬಿಯ ಮಗ್ಗುಲಲ್ಲೇ ಇಟ್ಟೆ. ವೈರನ್ನು ಎಳೆದು ನೋಡಿದೆ. ಎಣ್ಣೆ ಡಬ್ಬಿಗೆ ಕೈ ಹಾಕಿದಾಗ ಮಗಳು ಕಿತ್ತುಕೊಂಡಳು.

"ನನ್ನ ಫೋನಿಂದ ನೆಟ್ ಕೊಡ್ತೀನಿ ಅತ್ತಿಗೆ" ಎಂದ ಮೈದುನ. ದನಿಯಲ್ಲಿ ಸಕ್ಕರೆ.

"ಬೇಡ. ನಮ್ಮನೇಲಿ ಇದೆ."

"ಇದೆ, ಆದ್ರೆ ಬರ್ತಿಲ್ಲ."

"ಬರುತ್ತೆ, ಸುಮ್ನಿರಪ್ಪ."

ಆಗ ನೆನಪಾಯಿತು. ನಮ್ಮ ಯಜಮಾನರು ಬಸ್ ಕಂಡಕ್ಟರ್. ಈ ಡಬ್ಬಿ ಮನೆಗೆ ಬಂದ ಹೊಸತರಲ್ಲಿ ಮಹಡಿ ಮನೆಯವರೆಲ್ಲ ನಮ್ಮ ನೆಟ್ಟಿಗೆ ಜೋತುಬಿದ್ದಿದ್ದರು. ಇವರು ಡಬ್ಬಿ ಹಾಕಿದವನನ್ನು ಕರೆಸಿ, "ಮೂರೇ ಸೀಟು ಮಾಡಪ್ಪ. ನಿಂತು ಬರೋರಿಗೆ ಜಾಗ ಇಲ್ಲ" ಎಂದಿದ್ದರು. ಇವರ ಫೋನಿಗೊಂದು, ಮಗಳ ಫೋನಿಗೊಂದು, ಕಂಪ್ಯೂಟರಿಗೊಂದು. (ನನ್ನದು ಗುಂಡಿ ಒತ್ತುವ ಫೋನು. ಅದಕ್ಕೆ ಸೀಟು ಬೇಡ.)

ಗಣಿತ ನನಗೆ ಬರುವುದಿಲ್ಲ. ಆದರೆ ಕಂಡಕ್ಟರ್ ಹೆಂಡತಿ, ತಲೆ ಎಣಿಸಲು ಬರುತ್ತದೆ. ಗೋಡೆಯತ್ತ ತಿರುಗಿದೆ. ನನಗೆ ಬೇಜಾರಾಗಬಾರದೆಂದು ಮೈದುನ ಮೊನ್ನೆ ತಂದು ನೇತುಹಾಕಿದ ಟಿವಿ ಅಲ್ಲಿತ್ತು. ಅದೂ ನೆಟ್ಟಿನಲ್ಲೇ ಓಡುವುದು.

"ಸಿಕ್ಕಿದ ಕಳ್ಳ. ನಿನ್ನ ಟಿವಿ ಕಂಪ್ಯೂಟರ್ ಸೀಟಲ್ಲಿ ಕೂತಿದೆ."

ಕಂಪ್ಯೂಟರ್ ಕಲಿತವರಿಗೂ ಹೊಳೆಯದ್ದು ನನಗೆ ಹೊಳೆದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

ಮೈದುನ ಬೆರಳು ಮಡಿಸಿದ. "ಮಗಳ ಫೋನು, ಒಂದು. ಟಿವಿ, ಎರಡು. ನನ್ನ ಫೋನಿಗೆ ನಿಮ್ಮ ನೆಟ್ ಹಾಕಿಲ್ಲ. ಅಣ್ಣನ ಸೀಟು ಖಾಲಿ ಆಗಿತ್ತು, ಟಿವಿ ಅದರಲ್ಲಿ ಕೂತಿದೆ. ಮೂರನೇದು ಕಂಪ್ಯೂಟರಿಗೆ ಇರಲೇಬೇಕಲ್ಲ ಅತ್ತಿಗೆ?"

ಖಾಲಿ ಎಂಬ ಮಾತು ಮೂಳೆಗೆ ತಾಗಿತು. ತೋರಿಸಿಕೊಳ್ಳಲಿಲ್ಲ.

"ಹಾಗಾದ್ರೆ ಯಾರೋ ಟಿಕೆಟ್ ಇಲ್ದೆ ಹತ್ತಿದಾರೆ. ಯಾರೇ ಆಗ್ಲಿ, ಕತ್ತು ಹಿಡಿದು ಇಳಿಸ್ತೀನಿ."

ಮೆಟ್ಟಿಲ ಬುಡಕ್ಕೆ ಹೋಗಿ ಮಹಡಿಯವಳನ್ನು ಕೂಗಿದೆ. "ನಮ್ಮ ನೆಟ್ಟಿಂದ ಇಳೀರಿ."

"ನಮ್ದೇ ಇದೆ ಕಣ್ರೀ, ನಿಮ್ದು ಯಾರಿಗೆ ಬೇಕು" ಎಂದಳು. ಬಾಗಿಲು ದಢಾರನೆ ಮುಚ್ಚಿತು.

"ಡಬ್ಬಿ ಆರಿಸಿ ಮತ್ತೆ ಹಾಕ್ತೀನಿ" ಎಂದಳು ಮಗಳು. "ಎಲ್ಲರೂ ಇಳಿದು ಹೊಸದಾಗಿ ಹತ್ತಲಿ. ಯಾರು ನುಗ್ತಾರೆ ನೋಡೋಣ."

ಆರಿಸಿದಳು. ಹಾಕಿದಳು. ಡಬ್ಬಿಯ ದೀಪ ಮಿನುಗಿ ನಿಂತಿತು. ಬೀರುವಿನೊಳಗೆ ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಟಿಂಗ್ ಟಿಂಗ್ ಟಿಂಗ್, ಕೊನೆ ಸ್ಟಾಪಿನಲ್ಲಿ ಜನ ಇಳಿದ ಹಾಗೆ.

ಮೈದುನ ಬೀರು ನೋಡಿದ. ಮಗಳು ನನ್ನನ್ನು ನೋಡಿದಳು. ನಾನು ಸೂಜಿ ಹುಡುಕತೊಡಗಿದೆ.

ಮಗಳೇ ಬೀರು ತೆಗೆದಳು. ನನ್ನ ಸೀರೆಗಳ ನಡುವೆ ಅವರ ಫೋನು. ಚಾರ್ಜು ತುಂಬಿತ್ತು. ದಿನಾ ತುಂಬಿಸುತ್ತಿದ್ದೆ. ಅದರ ಟಿಂಗ್ ಮಿಷನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅದು ಒಳಗೆ ಮಲಗಿದೆ ಅಂದುಕೊಂಡಿದ್ದೆ, ಸೀಟು ಹಿಡಿದು ಕೂತಿದೆಯೆಂದು ನನಗೇನು ಗೊತ್ತು. ಡಿಪೋದವರ ಗ್ರೂಪಿನಿಂದ ಈಗಲೂ ಅವರಿಗೆ ಶುಭೋದಯ ಬರುತ್ತದಂತೆ.

"ಕತ್ತು ಹಿಡಿದು ಇಳಿಸ್ತೀನಿ ಅಂದ್ರಲ್ಲ ಅತ್ತಿಗೆ" ಎಂದ ಮೈದುನ. ಸಕ್ಕರೆ ಇರಲಿಲ್ಲ. ದನಿ ಸಣ್ಣಗಿತ್ತು.

"ಮೊದಲು ಹತ್ತಿದವರದ್ದು ಸೀಟು" ಎಂದೆ. "ನಿನ್ನ ಟಿವಿ ಇಳಿಸು."

ಅವನೇ ಎದ್ದು ಪ್ಲಗ್ ಕಿತ್ತ. ಕಂಪ್ಯೂಟರಿಗೆ ವಿಳಾಸ ಸಿಕ್ಕಿತು.

ಆಮೇಲೆ ಮಗಳು ಮೆಲ್ಲಗೆ ಹೇಳಿದಳು. "ಮೂರನ್ನ ಹತ್ತು ಸೀಟು ಮಾಡ್ಬೋದಮ್ಮ. ಚಿಟಿಕೆ ಹೊಡೆಯೋ ಅಷ್ಟರ ಕೆಲಸ."

ಇಷ್ಟು ಕುಣಿಸಿ ಈಗ ಹೇಳುತ್ತಾಳೆ. "ಏನೂ ಬೇಡ. ಅವರು ಹೇಳಿದಷ್ಟೇ ಇರಲಿ" ಎಂದೆ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮೇಡಂ ಬಂದರು. ನೆರಿಗೆ ತೋರಿಸಿದೆ, ಅಂಚು ತೋರಿಸಿದೆ, ಫೋಟೊ ಎಲ್ಲ ತೋರಿಸಿದೆ. ಹೊಗಳಿಕೊಳ್ಳಬಾರದು, ಆದರೆ ನೆರಿಗೆ ಚೆನ್ನಾಗಿಯೇ ಇದ್ದವು.

"ತುಂಬಾ ಅಚ್ಚುಕಟ್ಟಾಗಿ ಇಟ್ಟಿದೀರ" ಎಂದರು ಮೇಡಂ. "ಕಂಪ್ಯೂಟರೆಲ್ಲ ಯಾರು ನೋಡ್ಕೋತಾರೆ?"

"ನಮ್ಮ ಯಜಮಾನರು."

"ಸರಿ, ನಾಳೆ ಇಬ್ಬರೂ ಬಂದು ಕಿಟಕಿ ಅಳತೆ ತಗೊಂಡ್ಬಿಡಿ. ಕೆಲಸ ನಿಮಗೇ."

ಮೈದುನ ಸ್ಟೂಲಿನಿಂದ ಎದ್ದ.

"ಅವರು ಡ್ಯೂಟಿ ಮೇಲಿದಾರೆ" ಎಂದೆ. "ನಾನೊಬ್ಬಳೇ ಬರ್ತೀನಿ."

ಬೀರುವಿನೊಳಗೆ ಟಿಂಗ್ ಎಂದಿತು.