ಬೂದು ಬೈಕೋ ಕಿತ್ತಳೆ ಬೈಕೋ ತೀರ್ಮಾನವಾಗದೆ ನಿಂತ ಮದುವೆಯ ಕುರಿತು

ಇಂದ,
ಗಂಗಾಶ್ರೀ, ವೀರಬಸಪ್ಪನವರ ಮಗಳು
(ಗಂಡನ ಹೆಸರು: ಪರಿಶೀಲನೆಯಲ್ಲಿದೆ)
ಅರ್ಜಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ, ಶಿಕಾರಿಪುರ

ಗೆ,
ಹರೀಶ ಅವರು, ಅಡ್ಮಿನ್
'ಗುಡ್ಡ ಹತ್ತೋ ಗೆಳೆಯರು' ವಾಟ್ಸಾಪ್ ಬಳಗ, ಸೊರಬ

ವಿಷಯ: ಸೊರಬದ ಗೊಬ್ಬರದಂಗಡಿ ಮಲ್ಲಿಕಾರ್ಜುನ್‌ರವರು ಎರಡು ಅಡ್ವೆಂಚರ್ ಬೈಕುಗಳಲ್ಲಿ ಒಂದನ್ನು ಆರಿಸಲಾರದೆ ಹದಿನಾಲ್ಕು ತಿಂಗಳಿಂದ ಮದುವೆ ನಿಲ್ಲಿಸಿರುವ ಬಗ್ಗೆ.

ಉಲ್ಲೇಖ: 1) ಅರ್ಜಿದಾರಳಿಗೆ ಕಳೆದ ವರ್ಷ ಹೂ ಮುಡಿಸಿದ ಶಾಸ್ತ್ರ.
2) "ಇದೊಂದು ವಾರ ತಡೀರಿ" ಎಂಬ ಮಲ್ಲಿಕಾರ್ಜುನ್‌ರವರ ಮಾತು, ಐವತ್ತೊಂಬತ್ತು ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರಳು ಏಳು ವರ್ಷದಿಂದ ಊರವರ ಜಮೀನಿನ ಪಹಣಿ ತಿದ್ದುಪಡಿ, ಪೋಡಿ, ಪೌತಿ ಖಾತೆ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಾಳೆ. ತನಗಾಗಿ ಬರೆಯುತ್ತಿರುವುದು ಇದೇ ಮೊದಲು. ವರನ ತಂದೆತಾಯಿಗೇ ಬರೆಯಬಹುದಿತ್ತು. ಆದರೆ ಅವರ ಮಾತನ್ನು ಮಗ ಕೇಳುವುದಿಲ್ಲ, ತಮ್ಮ ಬಳಗದ ಮಾತನ್ನು ಮಾತ್ರ ಕೇಳುತ್ತಾರೆ. ಕಾರಣ ಈ ಅರ್ಜಿ ತಮ್ಮ ಪಾಲಿಗೆ ಬಂದಿದೆ.

1. ಎರಡು ಬೈಕುಗಳ ಕಂಪನಿ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ತಮ್ಮ ಬಳಗದಲ್ಲಿ ಮತ್ತೆ ಜಗಳ ಹತ್ತಿಕೊಂಡು ಅರ್ಜಿ ಮೂಲೆಗೆ ಬೀಳುತ್ತದೆ. ಆದ್ದರಿಂದ ಒಂದು ಬೂದು, ಇನ್ನೊಂದು ಕಿತ್ತಳೆ. ಬೂದು ಬೈಕು ಭಾರ, ಬಿದ್ದರೆ ಎತ್ತಲಿಕ್ಕಾಗದು. ಕಿತ್ತಳೆ ಬೈಕು ಎತ್ತರ, ಕೂತರೆ ಮಲ್ಲಿಕಾರ್ಜುನ್‌ರವರ ಕಾಲು ನೆಲಕ್ಕೆ ತಾಗದು. ಇಷ್ಟು ತಿಳಿಯಲು ಅವರು ಹದಿನೇಳು ಸಲ ಶಿವಮೊಗ್ಗದ ಶೋರೂಮುಗಳಿಗೆ ಹೋಗಿದ್ದಾರೆ. ಹೋದದ್ದು ಬಸ್ಸಿನಲ್ಲಿ.

2. ಹೊಸ ಬೈಕಿನಲ್ಲೇ ನಿಶ್ಚಿತಾರ್ಥಕ್ಕೆ ಬರಬೇಕು, ಮದುವೆಯಾದ ವಾರಕ್ಕೆ ಅದರಲ್ಲೇ ಲಡಾಖ್‌ಗೆ ಹೊರಡಬೇಕು ಎಂಬುದು ಅವರ ಹಟ. ಈವರೆಗಿನ ಅವರ ಅತಿ ದೊಡ್ಡ ಸಾಹಸವೆಂದರೆ ಗುಡವಿಗೆ ಹಕ್ಕಿ ನೋಡಲು ಹೊರಟದ್ದು. ನಾಲ್ಕು ಹನಿ ಬಿತ್ತೆಂದು ಅರ್ಧ ದಾರಿಯಿಂದ ವಾಪಸ್ ಬಂದರು ಪುಣ್ಯಾತ್ಮ!

3. ಬೇಸತ್ತ ಅವರ ತಾಯಿ ನಿರ್ಮಲಮ್ಮನವರು ದೇವರಲ್ಲಿ ಪ್ರಸಾದ ಕೇಳಿದರು. ಹೂ ಬಲಕ್ಕೆ ಬಿದ್ದರೆ ಬೂದು, ಎಡಕ್ಕೆ ಬಿದ್ದರೆ ಕಿತ್ತಳೆ. ಹೂ ತಡಮಾಡದೆ ಬಲಕ್ಕೆ ಬಿತ್ತು. ಆಗ ಮಲ್ಲಿಕಾರ್ಜುನ್‌ರವರು, "ಅವ್ವಾ, ದೇವ್ರಿಗೆ ಟಾರ್ಕ್ ಬಗ್ಗೆ ಏನ್ ಗೊತ್ತಿರ್ತತಿ?" ಎಂದು ಮನೆಗೆ ಬಂದು ಮತ್ತೆ ಯೂಟ್ಯೂಬ್ ಹಾಕಿದರು.

4. ಹೂ ಮುಡಿಸಿ ಹೋದ ಹುಡುಗಿಯನ್ನು ನೋಡಲು ಬೇರೆ ಯಾರೂ ಬರುವುದಿಲ್ಲ. ಅರ್ಜಿದಾರಳಿಗೆ ಇಪ್ಪತ್ತೊಂಬತ್ತು ತುಂಬಿತು. ಅಂಗಡಿಗೆ ಬರುವವರೆಲ್ಲ ಪಹಣಿಗಿಂತ ಮೊದಲು ಮದುವೆ ದಿನಾಂಕ ಕೇಳುತ್ತಾರೆ. ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ. ತಂದೆ ವೀರಬಸಪ್ಪನವರದು ಮಾತ್ರ ಒಂದೇ ಮಾತು: "ಹುಡುಗ ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಬೈಕ್ ನೋಡ್ತಾನೆ ಅಷ್ಟೇ. ಇನ್ನೊಂದೆಲ್ಡು ತಿಂಗ್ಳು ತಡಿಯವ್ವ."

5. ಒಂದು ದಿನ ಮಲ್ಲಿಕಾರ್ಜುನ್‌ರವರೇ ಫೋನ್ ಮಾಡಿದರು. ಮದುವೆ ದಿನಾಂಕ ಗೊತ್ತಾಯಿತೆಂದು ಅರ್ಜಿದಾರಳು ಕ್ಯಾಲೆಂಡರ್ ಮುಂದೆ ಹೋಗಿ ನಿಂತಳು. ಅವರು ಕೇಳಿದ್ದು, "ನಿಮ್ ತೂಕ ಎಷ್ಟ್ರೀ?" ಬೈಕಿನ ಹಿಂಬದಿ ಸಸ್ಪೆನ್ಷನ್ ಲೆಕ್ಕಕ್ಕಂತೆ.

6. ಕಳೆದ ಸೋಮವಾರ ಅವರು ಅಂಗಡಿಗೆ ಬಂದು, ಬೈಕುಗಳನ್ನು ಹೋಲಿಸಿ ಬರೆದಿದ್ದ ಒಂದು ನೋಟ್‌ಬುಕ್ ಕೊಟ್ಟು, "ಬಳಗಕ್ಕೆ ಹಾಕ್ಬೇಕು, ನೀಟಾಗಿ ಟೈಪ್ ಮಾಡಿಕೊಡ್ರಿ" ಎಂದು ಹೋದರು. ಅರ್ಜಿದಾರಳು ಟೈಪ್ ಮಾಡುತ್ತಾ ಕೊನೆಯ ಹಾಳೆಗೆ ಬಂದಳು. ಅಲ್ಲಿ ಬೈಕುಗಳಿರಲಿಲ್ಲ. ಒಂದು ಕಡೆ ಅರ್ಜಿದಾರಳ ಹೆಸರು, ಇನ್ನೊಂದು ಕಡೆ ಉಳವಿಯ ಧನಲಕ್ಷ್ಮಿ ಎಂಬ ಹುಡುಗಿಯ ಹೆಸರು, ಫೋನ್ ನಂಬರ್ ಸಮೇತ. ಎತ್ತರ, ತೂಕ. 'ಬೇಗ ಬಿಸಿ ಆಗ್ತಾಳಾ?' ಎಂಬುದಕ್ಕೆ ಈಕೆಗೆ ಹೌದು, ಆಕೆಗೆ ಇಲ್ಲ. ಕೆಳಗೆ ಈಕೆಯ ಹೆಸರಿನ ಮುಂದೆ ಒಂದು ಷರಾ: 'ಹೂ ಮುಡಿಸಿ ಆಗಿದೆ. ಎಲ್ಲೂ ಹೋಗಲ್ಲ. ಕಾಯ್ತಾಳೆ.'

ಶಿವನೇ! ಅರ್ಜಿದಾರಳು ಅಂಗಡಿಯ ಶಟರ್ ಎಳೆದುಕೊಂಡು ಅತ್ತಳು. ಅರ್ಧ ಗಂಟೆ. ಹೊರಗೆ ಇಬ್ಬರು ರೈತರು ಬಾಗಿಲು ಬಡಿದು ವಾಪಸ್ ಹೋದರು, ಅದಕ್ಕೂ ಬೇಜಾರಿದೆ.

7. ಬಳಿಕ ಧನಲಕ್ಷ್ಮಿಯವರಿಗೆ ಫೋನ್ ಮಾಡಲಾಯಿತು.

"ನಿಮಗೂ ಹೂ ಮುಡಿಸ್ಯಾರೇನ್ರೀ?"

"ಇಲ್ಲ ಮಾರಾಯ್ತಿ, ನೋಡ್ಕಂಡು ಹೋಗಿದ್ರು ಅಷ್ಟೇ. ಆಮೇಲೆ ಫೋನ್ ಮಾಡಿ ತೂಕ ಕೇಳಿದ್ರು. ನಮ್ಮಪ್ಪ, ನಾವೇನ್ ಅಡಿಕೆ ಮಾರಕ್ಕೆ ಕೂತೀವಾ ಅಂತ ಬೈದು ಫೋನ್ ಇಟ್ರು. ನಂಗೆ ಮೊನ್ನೆ ಬೇರೆ ಕಡೆ ನಿಶ್ಚಯ ಆತು. ನೀವು ಇನ್ನೂ ಕಾಯ್ತಿದೀರಾ?"

ಅರ್ಜಿದಾರಳು ಆಕೆಗೆ ಶುಭ ಕೋರಿ ಫೋನ್ ಇಟ್ಟಳು.

8. ಅಂದು ಸಂಜೆ ಆ ಹಾಳೆಯನ್ನು ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳಲಾಯಿತು. ಅವರು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ತಪ್ಪು ನಂದೂ ಐತವ್ವ. ಬರಿ, ನಾನೂ ಸೈ ಹಾಕ್ತೀನಿ" ಎಂದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಈ ಮದುವೆಯನ್ನು ಅರ್ಜಿದಾರಳು ಮುರಿದಿದ್ದಾಳೆ. ಇದಕ್ಕೆ ತಮ್ಮ ಬಳಗದ ಮತದಾನ ಬೇಕಾಗಿಲ್ಲ. ಮಲ್ಲಿಕಾರ್ಜುನ್‌ರವರು ಬಳಗದಲ್ಲಿ ಬಂದದ್ದನ್ನು ಬಿಟ್ಟು ಬೇರೇನೂ ಓದದ ಕಾರಣ, ಈ ಸುದ್ದಿಯನ್ನು ತಾವೇ ಅಲ್ಲಿ ಹಾಕಬೇಕು. ಯಾವುದಾದರೂ ಬೈಕಿನ ಫೋಟೋ ಕೆಳಗೆ ಹಾಕಿದರೆ ಕಣ್ಣಿಗೆ ಬಿದ್ದೀತು.

ಇಂತಿ, ತಮ್ಮ ಬಳಗದ ಮೇಲೆ ಯಾವ ವಿಶ್ವಾಸವೂ ಇಲ್ಲದ,
(ಸಹಿ) ಗಂಗಾಶ್ರೀ
(ಸಹಿ) ವೀರಬಸಪ್ಪ, ತಂದೆ

ಲಗತ್ತುಗಳು:
1. ನೋಟ್‌ಬುಕ್, ಮೂಲಪ್ರತಿ.
2. ಅದರ ಟೈಪ್ ಮಾಡಿದ ಪ್ರತಿ, ಕೊನೆಯ ಹಾಳೆ ಸಹಿತ. ಬಳಗದಲ್ಲಿರುವ ನಲವತ್ತೆರಡು ಮಂದಿಗೂ ಒಂದೊಂದು.
3. ಹೂ ಮುಡಿಸಿದ ದಿನ ಅವರ ಕಡೆಯವರು ಉಡಿಸಿದ ಸೀರೆ, ಇಸ್ತ್ರಿ ಮಾಡಿದ್ದು.

ಕೊನೆಯ ಕೋರಿಕೆ: ಈ ಅರ್ಜಿಗೆ ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬಾರದು. ಭಾನುವಾರ ಹೊನ್ನಾಳಿ ಕಡೆಯವರು ನೋಡಲು ಬರುತ್ತಿದ್ದಾರೆ, ಅರ್ಜಿದಾರಳು ಕಾಯುವುದಿಲ್ಲ.