ಹುಟ್ಟು ಮಚ್ಚೆಯೂ ಕ್ಷೌರದ ಕತ್ತಿಯೂ

ಚರ್ಮದ ಡಾಕ್ಟರಾದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗುವೇ ಚೀಟಿ ಮಾಡಿಸಿಕೊಂಡು ಒಳಗೆ ಬರುತ್ತದೆ. ಎಪ್ಪತ್ತರ ದಶಕದ ಕೊನೆಗೆ ಕಾಪುವಿನಲ್ಲಿ ನನ್ನ ಕ್ಲಿನಿಕ್ ಇತ್ತು. ಎದುರಿಗೇ ಒಂದು ಸೆಲೂನು.

೧. ಅಜ್ಜಿಯ ತೀರ್ಪು

ಒಂದು ಬೆಳಿಗ್ಗೆ ಬ್ಯಾರಿ ಮುಸ್ಲಿಮರ ಮನೆಯ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಹಸುಳೆಯನ್ನೂ ಇನ್ನೊಂದರಲ್ಲಿ ಸೆಲೂನಿನವನ ಅಂಗಿಯ ತೋಳನ್ನೂ ಹಿಡಿದುಕೊಂಡು ಬಂದರು. ಏಳನೇ ದಿನದ ಕ್ರಮದಂತೆ ಮಗುವಿನ ತಲೆ ಬೋಳಿಸಿದಾಗ ನೆತ್ತಿಯ ಪಕ್ಕ ಹಳದಿ ಮಚ್ಚೆಯೊಂದು ಕಂಡಿತ್ತು.

"ಇವನು ಕತ್ತಿ ತಾಗಿಸಿದ್ದಾನೆ ಡಾಕ್ಟ್ರೇ!"

ಸೆಲೂನಿನವನ ಮುಖ ಬಿಳುಚಿತ್ತು. ಸುದ್ದಿ ಪೇಟೆಗೆ ಹೋದರೆ ಅವನ ಕುರ್ಚಿಯಲ್ಲಿ ಮತ್ತೆ ಯಾರು ಕೂರುತ್ತಾರೆ? ನನಗೂ ಪಾಪ ಅನಿಸಿತು. ನೋಡಿದೆ: ಗಾಯವಿಲ್ಲ, ಕೂದಲಿನ ಬುಡವೂ ಇಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಸ್ವಲ್ಪ ತರಿತರಿ.

"ಇದು ಹುಟ್ಟು ಮಚ್ಚೆ, ಹೆದರಬೇಡಿ. ಹೊಟ್ಟೆಯಲ್ಲಿರುವಾಗಲೇ ಆದದ್ದು. ದೊಡ್ಡವನಾದ ಮೇಲೆ ಗಂಟು ಗಿಂಟು ಎದ್ದರೆ ತೋರಿಸಿ."

ಅಜ್ಜಿ ಯೋಚಿಸಿ, ತೋಳು ಬಿಟ್ಟರು. "ಅಷ್ಟು ಒಳಗೆ ಇವನ ಕತ್ತಿ ಹೋಗಲಿಕ್ಕಿಲ್ಲ. ಬಿಡಿ."

೨. ನೀರುಳ್ಳಿ ಚಿಕಿತ್ಸೆ

ಅಂದಿನಿಂದ ಸೆಲೂನಿನವನು ಕತ್ತಿ ಹಿಡಿಯುವ ಮೊದಲು ಗಿರಾಕಿಯ ತಲೆಯಿಡೀ ತಡಕುತ್ತಿದ್ದ. ಮಚ್ಚೆ ಸಿಕ್ಕಿದರೆ ಕನ್ನಡಿ ತೋರಿಸಿ, "ಇದು ಮೊದಲೇ ಇದ್ದದ್ದು, ಅಲ್ವಾ?" ಎಂದು ನಾಲ್ಕು ಜನರೆದುರು ಒಪ್ಪಿಸಿಯೇ ಕೆಲಸ. ಹಾಗೆ ಹಿಡಿದು ನನ್ನಲ್ಲಿಗೆ ಕಳುಹಿಸಿದವರಲ್ಲಿ ಇನ್ನಂಜೆಯ ಮಾಷ್ಟ್ರೊಬ್ಬರು. ಮಚ್ಚೆಯ ಜಾಗದಲ್ಲಿ ಹುಳ ತಿಂದು ಕೂದಲು ಹೋದದ್ದೆಂದು ನಂಬಿ ವರ್ಷಗಟ್ಟಲೆ ಅಲ್ಲಿಗೆ ನೀರುಳ್ಳಿ ರಸ ಉಜ್ಜಿದ್ದರು.

"ಹುಟ್ಟಿನಿಂದ ಬಂದದ್ದು ಮಾಷ್ಟ್ರೇ, ಎಂತ ಉಜ್ಜಿದರೂ ಅಲ್ಲಿ ಕೂದಲು ಬರುವುದಿಲ್ಲ" ಎಂದೆ.

ಮಾಷ್ಟ್ರು ಸಪ್ಪಗಾದರು. ಜೊತೆಗೆ ಬಂದಿದ್ದ ಹೆಂಡತಿಯ ಮುಖ ಮಾತ್ರ ಅರಳಿತು. "ಇನ್ನಾದರೂ ಸಾಂಬಾರಿಗೆ ನೀರುಳ್ಳಿ ಉಳಿಯಬಹುದಲ್ವಾ ಡಾಕ್ಟ್ರೇ!"

೩. ನನ್ನ ಸರದಿ

ಕೆಲವು ವರ್ಷಗಳ ನಂತರ ಮಣಿಪಾಲದ ವೈದ್ಯ ವಿದ್ಯಾರ್ಥಿಗಳು ಕ್ಲಿನಿಕ್ಕಿಗೆ ಬಂದಿದ್ದರು. "ಇಂಥ ಮಚ್ಚೆ ಒಂದೂ ನನ್ನ ಕಣ್ಣು ತಪ್ಪಿಸಿಲ್ಲ" ಎಂದು ಜಂಬ ಕೊಚ್ಚಿದೆ. ಅಷ್ಟಕ್ಕೆ ತೃಪ್ತಿಯಾಗದೆ, ಮರುದಿನ ಸೆಲೂನಿನ ಕುರ್ಚಿಯಲ್ಲೂ ಅದನ್ನೇ ಕೊಚ್ಚಿದೆ.

ಕತ್ತರಿಯ ಸದ್ದು ನಿಂತಿತು. ಸೆಲೂನಿನವನು ಹಿಂದಿನಿಂದ ಇನ್ನೊಂದು ಕನ್ನಡಿ ಹಿಡಿದು ನನ್ನ ಹಿಂದಲೆಯ ಕೂದಲು ಸರಿಸಿದ. ನಾಲ್ಕಾಣೆ ಅಗಲದ ಹಳದಿ ಮಚ್ಚೆ, ಕಿತ್ತಳೆ ಸಿಪ್ಪೆಯ ತರಿ ಸಮೇತ!

"ಇದು ಯಾವಾಗ ಕಂಡದ್ದು ಮಾರಾಯ?"

"ಆ ಅಜ್ಜಿಯ ಗಲಾಟೆಯ ನಂತರ ನೀವು ಮೊದಲ ಸಲ ಬಂದಾಗಲೇ. ಅಂದಿನಿಂದ ಬಾಚಿ ಮುಚ್ಚಿಯೇ ಕಳುಹಿಸುತ್ತಿದ್ದೇನೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳುವುದು? ಬೇರೆಯವರು ದೂರಿದರೆ ನನ್ನ ಪರ ಸಾಕ್ಷಿಗೆ ನೀವಿದ್ದಿರಿ. ನೀವೇ ದೂರಿದರೆ ನಾನು ಯಾವ ಡಾಕ್ಟ್ರ ಹತ್ತಿರ ಹೋಗಲಿ?"